ಹದಿನೇಳರೊಳಗಿನ ಭಾರತ: ಕಿರಿಯರ ಕಾಲ್ಚೆಂಡಿನ ಒಂದು ಚರಿತ್ರೆ

ಕುಂಕಳ್ಳಿ ಎಂದೊಡನೆ ಚರಿತ್ರೆ ಬಲ್ಲವರಿಗೆ ನೆನಪಾಗುವುದು 1583ರ ಬಂಡಾಯ. ಪೋರ್ಚುಗೀಸರಿಗೆ ಎದುರು ನಿಂತು ಪ್ರಾಣ ತೆತ್ತ ಇಲ್ಲಿನ ಮುಖಂಡರ ಸ್ಮಾರಕದ ಮುಂದೆ ಕೈಗಾರಿಕಾ ವಸಾಹತಿನ ಪಾಳಿ ಮುಗಿಸಿ ಮನೆಗೆ ನಡೆಯುವ ನಮ್ಮ ಕನ್ನಡದ ಕಾರ್ಮಿಕ ಬಂಧುಗಳಿಗೂ ಆ ಕಥೆ ಈಗ ಅಪರಿಚಿತವಲ್ಲ. ಅಂಥ ಊರಿನಲ್ಲಿ ನಡೆಯುತ್ತಿರುವ ಕನ್ನಡ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಪದಾಧಿಕಾರಿಗಳು ಕೇಳಿದಾಗ, ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ನಾನು ಬರೆಯಹೊರಟಿರುವುದು ಕಾಲ್ಚೆಂಡಿನ ಕುರಿತು. ಅದರಲ್ಲಿಯೂ ನಮ್ಮ ದೇಶದ ಕಿರಿಯರ ತಂಡಗಳ ಸೋಲು ಗೆಲುವುಗಳ ಕುರಿತು. ಇದಕ್ಕೆ ಕಾರಣ ಉಂಟು. ಕೊಪ್ಪಳ, ಗದಗ, ಬಾಗಲಕೋಟೆ, ವಿಜಯಪುರಗಳಿಂದ ಬಂದು ನೆಲೆಸಿದ ನಮ್ಮವರ ಮಕ್ಕಳು ಸಂಜೆಯಾದರೆ ಕೊಯ್ಲು ಮುಗಿದ ಗದ್ದೆಗಳಲ್ಲಿ ಆಡುವುದು ಇದೇ ಆಟವನ್ನು. ಅವರಲ್ಲಿ ಯಾರಾದರೊಬ್ಬರು ಮುಂದೆ ಹೋಗಬೇಕಾದರೆ ಹಿರಿಯರಾದ ನಾವು ತಿಳಿದಿರಬೇಕಾದ ಸಂಗತಿಯೊಂದು ಈ ಚರಿತ್ರೆಯೊಳಗೆ ಇದೆ.

ಗೋವೆಗೆ ಈ ಆಟ ಬಂದ ಬಗೆಯೇ ಸ್ವಾರಸ್ಯಕರವಾದುದು. ಆಳಿದವರು ಪೋರ್ಚುಗೀಸರಾದರೂ ಆಟವನ್ನು ತಂದವನು 1883ರಲ್ಲಿ ಶಿವೋಲಿಗೆ ಬಂದ ವಿಲಿಯಂ ಲಯನ್ಸ್ ಎಂಬ ಬ್ರಿಟಿಷ್ ಪಾದ್ರಿ ಎಂದು ಹೇಳಲಾಗುತ್ತದೆ. ಇಗರ್ಜಿಯ ಶಾಲೆಗಳಿಂದ ಅದು ಹಳ್ಳಿಗಳ ಬಯಲಿಗೆ ಇಳಿಯಿತು. ಒಂದೊಂದು ವಾಡೆಗೂ ಒಂದೊಂದು ತಂಡವಾಯಿತು. ಭಾರತ ತಂಡದ ನಾಯಕನಾಗಿ ಗೋಲು ಕಾಯ್ದ ಬ್ರಹ್ಮಾನಂದ ಸಂಖವಾಳಕರ್, ಮುನ್ನಡೆಯ ಆಟಗಾರ ಬ್ರೂನೊ ಕುಟಿನ್ಹೊ ಮುಂತಾದವರು ಈ ನೆಲದ ಮಕ್ಕಳು.

ನಮ್ಮ ಕನ್ನಡನಾಡೂ ಈ ಆಟದಲ್ಲಿ ಹಿಂದೆ ಬಿದ್ದುದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತ 1–2ರಿಂದ ಸೋತಾಗ ನಮ್ಮ ಪರವಾದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಬೆಂಗಳೂರಿನವರೇ. ಮೈಸೂರು ಹೆಸರಿನಲ್ಲಿ ನಮ್ಮ ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. ನಾಲ್ಕನೆಯದು 1968–69ರಲ್ಲಿ. ಐದನೆಯದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿತು. ಇವೆಲ್ಲ ಹಿರಿಯರ ಕಥೆ. ಕಿರಿಯರ ಕಥೆಯ ಸ್ವರೂಪವೇ ಬೇರೆ.

ಹಿರಿಯ ಆಟಗಾರನೊಬ್ಬನು ಇಂದು ಸೋತರೆ ನಾಲ್ಕು ವರ್ಷ ಕಾದು ಮತ್ತೊಮ್ಮೆ ಆಡಬಹುದು. ಹದಿನಾರು ಅಥವಾ ಹದಿನೇಳರೊಳಗಿನವರ ತಂಡಕ್ಕೆ ಆ ಸೌಲಭ್ಯವಿಲ್ಲ. ಪ್ರತಿ ಪಂದ್ಯಾವಳಿಗೂ ಒಂದು ಗೆರೆ ಇರುತ್ತದೆ. 2017ರ ಹದಿನೇಳರೊಳಗಿನವರ ವಿಶ್ವಕಪ್ಪಿಗೆ 2000ನೆಯ ಇಸವಿಯ ಜನವರಿ 1 ಆ ಗೆರೆಯಾಗಿತ್ತು. ಅದಕ್ಕೆ ಒಂದು ದಿನ ಮೊದಲು ಹುಟ್ಟಿದ ಹುಡುಗ ಎಷ್ಟೇ ಚತುರನಾದರೂ ಹೊರಗೇ. ಒಳಗಿರುವವನಿಗೂ ಅವಕಾಶ ಒಂದೇ ಸಲ. ಆದುದರಿಂದ ಕಿರಿಯರ ತಂಡದ ಫಲಿತಾಂಶವು ಆ ಮಕ್ಕಳ ಸಾಮರ್ಥ್ಯವನ್ನಷ್ಟೇ ತೋರಿಸುವುದಿಲ್ಲ. ಅದಕ್ಕೆ ಐದಾರು ವರ್ಷ ಹಿಂದೆ ದೊಡ್ಡವರು ಮಾಡಿದ, ಇಲ್ಲವೇ ಮಾಡದೆ ಬಿಟ್ಟ ಕೆಲಸವನ್ನು ತೋರಿಸುತ್ತದೆ. ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ಅನುಭವಿ ಶಿಕ್ಷಕನು ಐದನೆಯ ತರಗತಿಯ ಪಾಠವನ್ನು ನೆನೆಯುವಂತೆಯೇ ಇದು.

ಈ ಚರಿತ್ರೆಯನ್ನು ಅಳೆಯಲು ಇರಾನ್ ದೇಶವನ್ನು ನಾನೊಂದು ಅಳತೆಗೋಲಾಗಿ ಬಳಸಿಕೊಳ್ಳುತ್ತೇನೆ. ಮೂರು ಬೇರೆ ಬೇರೆ ಕಾಲಗಳಲ್ಲಿ ನಮ್ಮ ಕಿರಿಯರು ಅವರನ್ನು ಎದುರಿಸಿದ ಪಂದ್ಯಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ನಾವು ಎಲ್ಲಿದ್ದೆವು, ಎಲ್ಲಿಗೆ ಬಂದೆವು ಎಂಬುದು ತಿಳಿಯುತ್ತದೆ.

ಮೊದಲನೆಯದು 1974ರದು. ಆ ವರ್ಷ ಬ್ಯಾಂಕಾಕ್ ನಗರದಲ್ಲಿ ಏಷ್ಯಾ ಯುವ ಚಾಂಪಿಯನ್‌ಷಿಪ್ ನಡೆಯಿತು. ಹೈದರಾಬಾದಿನ ಶಬ್ಬೀರ್ ಅಲಿ ನಮ್ಮ ನಾಯಕ, ಅರುಣ್ ಘೋಷ್ ತರಬೇತುದಾರ. ಅಂತಿಮ ಪಂದ್ಯದಲ್ಲಿ ಎದುರಿಗಿದ್ದ ಇರಾನ್ ಹಿಂದಿನ ವರ್ಷದ ಚಾಂಪಿಯನ್; ಮುಂದಿನ ಎರಡು ವರ್ಷಗಳಲ್ಲಿಯೂ ಪ್ರಶಸ್ತಿಯನ್ನು ಕೈಬಿಡದ ತಂಡ. ಅಂಥವರೊಡನೆ ನಮ್ಮ ಹುಡುಗರು 2–2ರ ಸಮಬಲ ಸಾಧಿಸಿದರು. ಎರಡೂ ದೇಶಗಳು ಪ್ರಶಸ್ತಿಯನ್ನು ಹಂಚಿಕೊಂಡವು. ಆಗ ನಾನು ಇಪ್ಪತ್ತರ ಹರೆಯದ ಹೊಸ ಶಿಕ್ಷಕ. ಪತ್ರಿಕೆಯ ಮೂಲೆಯಲ್ಲಿದ್ದ ಆ ಸುದ್ದಿಯನ್ನು ತರಗತಿಯಲ್ಲಿ ಓದಿ ಹೇಳಿದ್ದು ನೆನಪಿದೆ. ನಮ್ಮ ಯುವಕರಿಗೆ ಏಷ್ಯಾ ಮಟ್ಟದಲ್ಲಿ ಅಂಥ ಕಿರೀಟ ಮತ್ತೆ ದೊರೆಯಲಿಲ್ಲ.

ಏಕೆ ದೊರೆಯಲಿಲ್ಲ? ಹುಡುಗರು ಹುಟ್ಟಲಿಲ್ಲವೆಂದಲ್ಲ, ಒಂದು ತಂಡದ ಹಿಂದೆ ಮತ್ತೊಂದನ್ನು ಸಿದ್ಧಪಡಿಸುವ ಏರ್ಪಾಡು ದೇಶದಾದ್ಯಂತ ಬೆಳೆಯಲಿಲ್ಲ. ಜೆಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಆರಂಭವಾದದ್ದು 1987ರಲ್ಲಿ, ಗೋವೆಯ ಸೇಸಾ ಅಕಾಡೆಮಿ 1999ರಲ್ಲಿ. ಇವು ಒಳ್ಳೆಯ ಕೆಲಸ ಮಾಡಿದವು. ಆದರೆ ಇಷ್ಟು ದೊಡ್ಡ ದೇಶಕ್ಕೆ ಬೆರಳೆಣಿಕೆಯ ಅಕಾಡೆಮಿಗಳು ಎಷ್ಟರಮಟ್ಟಿಗೆ ಸಾಕಾದಾವು? ಹನ್ನೆರಡು ವರ್ಷದ ಹುಡುಗನಿಗೆ ಬೇಕಾದದ್ದು ವರ್ಷದುದ್ದಕ್ಕೂ ಕ್ರಮಬದ್ಧವಾದ ಪಂದ್ಯಗಳು. ಆಯ್ಕೆ ಶಿಬಿರವೆಂಬುದು ಎರಡು ತಿಂಗಳಿನದು, ಆಟವಾದರೋ ಹತ್ತು ವರ್ಷದ ಅಭ್ಯಾಸ.

ಎರಡನೆಯ ಅಳತೆ ನಮ್ಮ ಮನೆಯ ಬಾಗಿಲಲ್ಲೇ ನಡೆಯಿತು. 2016ರ ಸೆಪ್ಟೆಂಬರ್‌ನಲ್ಲಿ ಏಷ್ಯಾದ ಹದಿನಾರರೊಳಗಿನವರ ಚಾಂಪಿಯನ್‌ಷಿಪ್ ಗೋವೆಗೆ ಬಂದಿತು. ಬಾಂಬೋಳಿ ಮತ್ತು ಮಡಗಾಂವಿನ ಫಾತೋರ್ಡಾ ಕ್ರೀಡಾಂಗಣಗಳಲ್ಲಿ ಹದಿನಾರು ದೇಶಗಳ ಬಾಲಕರು ಆಡಿದರು. ಜರ್ಮನಿಯ ನಿಕೊಲಾಯ್ ಆ್ಯಡಮ್ ನಮ್ಮ ತರಬೇತುದಾರರಾಗಿದ್ದರು. ಸಂಯುಕ್ತ ಅರಬ್ ಸಂಸ್ಥಾನದ ವಿರುದ್ಧ 2–3ರ ಸೋಲು, ಸೌದಿ ಅರೇಬಿಯದ ವಿರುದ್ಧ 3–3ರ ಸಮಬಲ, ಇರಾನಿನ ವಿರುದ್ಧ 0–3ರ ಸೋಲು. ಮೂರು ಪಂದ್ಯಗಳಲ್ಲಿ ಐದು ಗೋಲು ಹೊಡೆದು ಒಂಬತ್ತನ್ನು ಬಿಟ್ಟುಕೊಟ್ಟು, ಒಂದೇ ಅಂಕದೊಡನೆ ನಾವು ಗುಂಪಿನ ಕೊನೆಯಲ್ಲಿ ಉಳಿದೆವು. ಬ್ಯಾಂಕಾಕ್‌ನಲ್ಲಿ ಸಮಬಲವಾಗಿದ್ದ ತಕ್ಕಡಿ ನಲವತ್ತೆರಡು ವರ್ಷಗಳಲ್ಲಿ ಮೂರು ಗೋಲಿನಷ್ಟು ವಾಲಿತ್ತು.

ಮರುವರ್ಷ, 2017ರ ಅಕ್ಟೋಬರ್‌ನಲ್ಲಿ, ಹದಿನೇಳರೊಳಗಿನವರ ವಿಶ್ವಕಪ್ ಭಾರತದಲ್ಲಿ ನಡೆಯಿತು. ಫಿಫಾ ನಡೆಸುವ ವಿಶ್ವಕಪ್ಪೊಂದರಲ್ಲಿ ಭಾರತದ ತಂಡ, ಹಿರಿಯರದಾಗಲಿ ಕಿರಿಯರದಾಗಲಿ, ಆಡಿದ್ದು ಅದೇ ಮೊದಲು. ಆತಿಥೇಯ ದೇಶವಾದ್ದರಿಂದ ದೊರೆತ ಪ್ರವೇಶ ಅದು. ಅರ್ಹತೆಯಿಂದ ಗಳಿಸಿದ್ದಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಇಪ್ಪತ್ತೊಂದು ಮಂದಿಯ ತಂಡದಲ್ಲಿ ಎಂಟು ಬಾಲಕರು ಮಣಿಪುರ ಎಂಬ ಪುಟ್ಟ ರಾಜ್ಯದವರು. ನಾಯಕ ಅಮರ್‌ಜಿತ್ ಸಿಂಗ್ ಕಿಯಾಮ್ ಅವರಲ್ಲೊಬ್ಬ. ಪೋರ್ಚುಗಲ್ಲಿನ ಲೂಯಿಸ್ ನಾರ್ಟನ್ ದ ಮಾಟೊಸ್ ಆಗ ತರಬೇತುದಾರರು. ದೆಹಲಿಯಲ್ಲಿ ಅಕ್ಟೋಬರ್ 6ರಂದು ಅಮೆರಿಕದ ಎದುರು 0–3ರಿಂದ ಸೋತೆವು. 9ರಂದು ಕೊಲಂಬಿಯ ಎದುರಾಯಿತು.

ಆ ಪಂದ್ಯದ 82ನೆಯ ನಿಮಿಷವನ್ನು ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ಒಂದು ಗೋಲಿನ ಹಿನ್ನಡೆಯಲ್ಲಿದ್ದ ಭಾರತಕ್ಕೆ ಕಾರ್ನರ್ ಕಿಕ್ ದೊರೆಯಿತು. ಚೆಂಡನ್ನು ಮೂಲೆಯಿಂದ ಒದ್ದು ಕಳುಹಿಸಿದವನು ಬೆಂಗಳೂರಿನಲ್ಲಿ ಹುಟ್ಟಿದ ಸಂಜೀವ್ ಸ್ಟಾಲಿನ್. ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಮೇಲಕ್ಕೆ ಜಿಗಿದು ತಲೆಯಿಂದ ಅದನ್ನು ಗೋಲಿಗೆ ತಳ್ಳಿದ. ಫಿಫಾ ವಿಶ್ವಕಪ್ಪಿನಲ್ಲಿ ಭಾರತದ ಮೊತ್ತಮೊದಲ ಗೋಲು ಅದು. ಒಲಿಂಪಿಕ್ಸ್‌ನ ಆ ಗೋಲಿನ ಹಿಂದೆ ಒಬ್ಬ ಬೆಂಗಳೂರಿಗನಿದ್ದಂತೆ ಇದರ ಹಿಂದೆಯೂ ಒಬ್ಬನಿದ್ದ. ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಮರು ನಿಮಿಷವೇ ಕೊಲಂಬಿಯ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. 12ರಂದು ಘಾನಾ ನಮ್ಮನ್ನು 4–0ಯಿಂದ ಸೋಲಿಸಿತು. ಮತ್ತೆ ಮೂರು ಪಂದ್ಯ, ಮತ್ತೆ ಬಿಟ್ಟುಕೊಟ್ಟ ಗೋಲು ಒಂಬತ್ತು.

ಆಗ ಅನೇಕರು ಈ ಬಾಲಕರನ್ನು ಹೀಗಳೆದರು. ನಾನು ಮೊಮ್ಮಗನೊಡನೆ ಫಾತೋರ್ಡಾಕ್ಕೆ ಹೋಗಿ ನೋಡಿದ ಪಂದ್ಯ ಆ ಮಾತಿಗೆ ಉತ್ತರ ಕೊಟ್ಟಿತು. ಅಕ್ಟೋಬರ್ 10ರಂದು ಇರಾನ್ ಅಲ್ಲಿ ಜರ್ಮನಿಯನ್ನು 4–0ಯಿಂದ ಸೋಲಿಸಿತು. ಹಿಂದಿನ ವರ್ಷ ಇದೇ ಗೋವೆಯಲ್ಲಿ ನಮ್ಮ ಬಾಲಕರನ್ನು 3–0ಯಿಂದ ಮಣಿಸಿದ ಇರಾನಿನ ಅದೇ ತಲೆಮಾರು ಅದು. ಜರ್ಮನಿಯಂಥ ಜರ್ಮನಿಗೆ ನಾಲ್ಕು ಗೋಲು ಹೊಡೆದವರು ನಮಗೆ ಮೂರು ಹೊಡೆದಿದ್ದರೆ ನಮ್ಮ ಮಕ್ಕಳನ್ನು ಬೈಯುವುದು ಯಾವ ನ್ಯಾಯ? ಮೊಮ್ಮಗ ಅಂದು ಬಸ್ಸಿನಲ್ಲಿ, “ಅಜ್ಜಾ, ಹಾಗಾದರೆ ನಮ್ಮವರು ಕೆಟ್ಟವರಲ್ಲ, ತಡವಾದವರು” ಎಂದ. ನಾನು ಬರೆಯಬಹುದಾದುದನ್ನೆಲ್ಲ ಆ ಹುಡುಗ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದ.

ತಡವನ್ನು ತುಂಬಿಕೊಳ್ಳಬಹುದೆಂಬುದಕ್ಕೆ ಮೂರನೆಯ ಅಳತೆ ಸಾಕ್ಷಿ. 2018ರ ಆಗಸ್ಟ್ 5ರಂದು ಭಾರತದ ಎರಡು ಕಿರಿಯ ತಂಡಗಳು ಎರಡು ದೇಶಗಳಲ್ಲಿ ಆಡುತ್ತಿದ್ದವು. ಸ್ಪೇನಿನಲ್ಲಿ ಇಪ್ಪತ್ತರೊಳಗಿನವರು ಅರ್ಜೆಂಟೀನದ ಅದೇ ವಯೋಮಾನದ ತಂಡವನ್ನು 2–1ರಿಂದ ಸೋಲಿಸಿದರು. ಜೋರ್ಡಾನಿನಲ್ಲಿ ಹದಿನಾರರೊಳಗಿನವರು ಇರಾಕನ್ನು 1–0ಯಿಂದ ಸೋಲಿಸಿದರು. ಇರಾಕ್ ಎಂದರೆ ಎರಡು ವರ್ಷ ಹಿಂದೆ ಗೋವೆಯಲ್ಲಿ ಏಷ್ಯಾ ಪ್ರಶಸ್ತಿ ಗೆದ್ದು ಹೋದ ದೇಶ. ಆ ಹದಿನಾರರೊಳಗಿನವರ ತಂಡದ ತರಬೇತುದಾರರು ಗೋವೆಯವರೇ ಆದ ಬಿಬಿಯಾನೊ ಫೆರ್ನಾಂಡಿಸ್. ಅದೇ ತಂಡ ಸೆಪ್ಟೆಂಬರ್‌ನಲ್ಲಿ ಮಲೇಷ್ಯದ ಏಷ್ಯಾ ಚಾಂಪಿಯನ್‌ಷಿಪ್ಪಿಗೆ ಹೋಯಿತು. ವಿಯೆಟ್ನಾಂ ವಿರುದ್ಧ 1–0ಯ ಗೆಲುವು. ಇರಾನಿನ ವಿರುದ್ಧ 0–0. ಇಂಡೋನೇಷ್ಯದ ವಿರುದ್ಧ 0–0. ಇರಾನಿಗೆ ದೊರೆತ ಪೆನಾಲ್ಟಿಯನ್ನು ನಮ್ಮ ಗೋಲು ಕಾವಲುಗಾರ ನೀರಜ್ ಕುಮಾರ್ ತಡೆದ. 2002ರ ನಂತರ ಮೊದಲ ಬಾರಿಗೆ ನಾವು ಎಂಟರ ಘಟ್ಟ ತಲುಪಿದೆವು. ಅಲ್ಲಿ ದಕ್ಷಿಣ ಕೊರಿಯ 1–0ಯಿಂದ ಗೆದ್ದಿತು. ನಾವು ಗೆದ್ದಿದ್ದರೆ ನೇರವಾಗಿ 2019ರ ವಿಶ್ವಕಪ್ಪಿಗೆ ಅರ್ಹತೆ ಸಿಗುತ್ತಿತ್ತು. ಆತಿಥೇಯರ ಅನುಗ್ರಹದಿಂದಲ್ಲ, ಸ್ವಂತ ಕಾಲಿನಿಂದ. ಗೋವೆಯಲ್ಲಿ ಮೂರು ಪಂದ್ಯಗಳಲ್ಲಿ ಒಂಬತ್ತು ಗೋಲು ಬಿಟ್ಟುಕೊಟ್ಟಿದ್ದ ದೇಶ ಮಲೇಷ್ಯದಲ್ಲಿ ನಾಲ್ಕು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಒಂದೇ ಒಂದು.

2–2, 0–3, 0–0: ಇರಾನ್ ಎಂಬ ಅಳತೆಗೋಲಿನ ಮೇಲಿನ ಈ ಮೂರು ಗುರುತುಗಳು ನಮ್ಮ ಏಳುಬೀಳಿನ ಸಂಕ್ಷಿಪ್ತ ಚರಿತ್ರೆ. ವಿಶ್ವಕಪ್ಪಿನ ನೆಪದಲ್ಲಿ ದೇಶ ಕೆಲವು ವರ್ಷ ಕಿರಿಯರ ಕಡೆಗೆ ಗಮನ ಕೊಟ್ಟಿತು. ಮಕ್ಕಳನ್ನು ಹೊರದೇಶಗಳಿಗೆ ಕಳುಹಿಸಿ ಪಂದ್ಯಗಳನ್ನು ಆಡಿಸಿತು. ಫಲ ಕಂಡಿತು. ಗಮನ ಸಡಿಲಿದರೆ ಫಲವೂ ಸಡಿಲುತ್ತದೆ. ಇದರಲ್ಲಿ ಗೂಢವಾದುದೇನೂ ಇಲ್ಲ.

ಬಾಲಕಿಯರ ಕಥೆ ಇನ್ನೂ ಕಠಿಣವಾದುದು. ಹದಿನೇಳರೊಳಗಿನ ಬಾಲಕಿಯರ ವಿಶ್ವಕಪ್ 2020ರಲ್ಲಿಯೇ ಭಾರತದಲ್ಲಿ ನಡೆಯಬೇಕಿತ್ತು. ಅದಕ್ಕಾಗಿ ಒಂದು ತಂಡ ಸಿದ್ಧವಾಗುತ್ತಿತ್ತು. ಕೊರೋನಾ ಬಂದು ಪಂದ್ಯಾವಳಿ ಮುಂದೆ ಹೋಯಿತು, ಆಮೇಲೆ ರದ್ದಾಯಿತು. ಕೊನೆಗೆ 2022ರ ಅಕ್ಟೋಬರ್‌ನಲ್ಲಿ ನಡೆಯಿತು. ಅಷ್ಟರಲ್ಲಿ ಮೊದಲು ಬೆವರು ಸುರಿಸಿದ ಹುಡುಗಿಯರ ವಯಸ್ಸು ಗೆರೆಯನ್ನು ದಾಟಿಹೋಗಿತ್ತು. ಹೊಸ ತಂಡ ಭುವನೇಶ್ವರದಲ್ಲಿ ಅಮೆರಿಕಕ್ಕೆ 0–8, ಮೊರಾಕ್ಕೊಗೆ 0–3, ಬ್ರೆಜಿಲ್‌ಗೆ 0–5ರಿಂದ ಸೋತಿತು. ನಮ್ಮ ಫಾತೋರ್ಡಾದಲ್ಲಿ ಆ ಪಂದ್ಯಾವಳಿಯ ಸೆಮಿಫೈನಲ್‌ಗಳು ನಡೆದವು; ಸ್ಪೇನ್, ಕೊಲಂಬಿಯ, ಜರ್ಮನಿ, ನೈಜೀರಿಯದ ಹುಡುಗಿಯರ ಆಟವನ್ನು ಸ್ಥಳೀಯ ಬಾಲಕಿಯರು ಬೆರಗಿನಿಂದ ನೋಡಿದರು. ಹದಿನಾರು ಗೋಲುಗಳ ಲೆಕ್ಕವನ್ನು ಎಲ್ಲರೂ ಬರೆದಿಟ್ಟಿದ್ದಾರೆ. ಒಂದೂ ಪಂದ್ಯವಾಡದೆ ಗೆರೆ ದಾಟಿದ 2020ರ ಹುಡುಗಿಯರ ಲೆಕ್ಕ ಯಾವ ದಾಖಲೆಯಲ್ಲಿಯೂ ಬರುವುದಿಲ್ಲ.

ವಯಸ್ಸಿನ ಗೆರೆಯ ಮಾತು ಬಂದಾಗಲೆಲ್ಲ ನನ್ನ ಮನಸ್ಸು ಒಂದು ಹಳೆಯ ಪ್ರಸಂಗಕ್ಕೆ ಹಿಂದಿರುಗುತ್ತದೆ. ನಾನು ಕೊಪ್ಪಳ ಸೀಮೆಯ ಹಳ್ಳಿಯೊಂದರಲ್ಲಿ ಶಿಕ್ಷಕನಾಗಿದ್ದ ಕಾಲ. ಜೂನ್ ಬಂತೆಂದರೆ ತಂದೆತಾಯಿಗಳು ಮಕ್ಕಳ ಕೈಹಿಡಿದು ಬರುತ್ತಿದ್ದರು. ಜನನದ ದಾಖಲೆ ಯಾರ ಬಳಿಯೂ ಇರುತ್ತಿರಲಿಲ್ಲ. “ದೀಪಾವಳಿ ಮುಂದ ಹುಟ್ಟ್ಯಾನ್ರಿ ಸರ್ರ, ಯಾವ ವರ್ಷ ಅಂತ ನೀವ ಲೆಕ್ಕ ಹಾಕ್ರಿ” ಎಂಬುದೇ ದಾಖಲೆ. ಪ್ರವೇಶಕ್ಕೆ ಬೇಕಾದ ವಯಸ್ಸು ತುಂಬಲು ಎರಡು ಮೂರು ತಿಂಗಳು ಕಡಿಮೆ ಬಿದ್ದರೆ ನಾವು ಲೇಖನಿಯಿಂದಲೇ ಅದನ್ನು ತುಂಬುತ್ತಿದ್ದೆವು. ಜೂನ್ 1 ಎಂದು ಬರೆದರೆ ಎಲ್ಲವೂ ಸರಿಹೋಗುತ್ತಿತ್ತು. ನನ್ನ ದಾಖಲಾತಿ ಪುಸ್ತಕದಲ್ಲಿ ಊರಿನ ಅರ್ಧದಷ್ಟು ಮಕ್ಕಳು ಜೂನ್ 1ರಂದೇ ಹುಟ್ಟಿದ್ದರು. ಮಗು ಒಂದು ವರ್ಷ ಬೀದಿಯಲ್ಲಿ ಅಲೆಯುವುದಕ್ಕಿಂತ ಶಾಲೆಯಲ್ಲಿ ಕೂರಲಿ ಎಂಬ ಸದುದ್ದೇಶವೇ ಅದರ ಹಿಂದೆ ಇದ್ದದ್ದು.

ಹತ್ತು ವರ್ಷಗಳ ಮೇಲೆ ಆ ಮಕ್ಕಳಲ್ಲೊಬ್ಬ ಖೊಖೊ ಆಟದಲ್ಲಿ ತಾಲ್ಲೂಕು, ಜಿಲ್ಲೆ ದಾಟಿ ಮೇಲಿನ ಆಯ್ಕೆಗೆ ಹೋದ. ಅಲ್ಲಿ ಕಾಗದ ನೋಡಿದವರು ಅವನನ್ನು ಹಿಂದಕ್ಕೆ ಕಳುಹಿಸಿದರು. ನಾನು ಬರೆದ ತಾರೀಖಿನಂತೆ ಅವನು ಎರಡು ತಿಂಗಳ ಹಿಂದೆಯೇ ವಯೋಮಿತಿ ದಾಟಿದ್ದ. ದೀಪಾವಳಿಯ ಲೆಕ್ಕದಂತೆ ಇನ್ನೂ ಮೂರು ತಿಂಗಳು ಒಳಗೇ ಇದ್ದ. ಮಾರನೆಯ ದಿನ ಅವನ ತಂದೆ ಶಾಲೆಗೆ ಬಂದು ನನ್ನ ಮೇಜಿನ ಮುಂದೆ ಬಹಳ ಹೊತ್ತು ನಿಂತಿದ್ದರು. ತಪ್ಪು ನನ್ನದೆಂದು ನಾನು ಹೇಳಿದೆ. “ನೀವು ಬರದದ್ದನ್ನ ನಾವು ಹೆಂಗ ಸುಳ್ಳ ಅನ್ನೂದ್ರಿ ಸರ್ರ” ಎಂದಷ್ಟೇ ಹೇಳಿ ಹೋದರು. ಆ ಹುಡುಗ ಮರುವರ್ಷ ಶಾಲೆ ಬಿಟ್ಟ. ನನ್ನ ಮೂವತ್ತೈದು ವರ್ಷಗಳ ಸೇವೆಯಲ್ಲಿ ಯಾರೂ ನನ್ನಿಂದ ವಿವರಣೆ ಕೇಳದ, ನಾನಾಗಿಯೇ ಮರೆಯಲಾಗದ ತಪ್ಪು ಅದು.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ದೊಡ್ಡವನನ್ನು ಚಿಕ್ಕವನೆಂದು ತೋರಿಸಿ ಆಡಿಸುವುದು. ಕಿರಿಯರ ಕಾಲ್ಚೆಂಡನ್ನು ಜಗತ್ತಿನಾದ್ಯಂತ ಕಾಡಿದ ರೋಗ ಅದು. ಅದನ್ನು ತಡೆಯಲು ಫಿಫಾ 2009ರ ಹದಿನೇಳರೊಳಗಿನವರ ವಿಶ್ವಕಪ್ಪಿನಿಂದ ಆಟಗಾರರ ಮಣಿಕಟ್ಟಿನ ಎಂಆರ್‌ಐ ಪರೀಕ್ಷೆಯನ್ನು ಜಾರಿಗೆ ತಂದಿತು. ಬೆಳೆಯುವ ವಯಸ್ಸಿನಲ್ಲಿ ಮುಂಗೈ ಮೂಳೆಯ ತುದಿಯಲ್ಲಿ ಮೃದುವಾದ ಪದರವೊಂದಿರುತ್ತದೆ. ಬೆಳವಣಿಗೆ ಮುಗಿದಂತೆ ಅದು ಗಟ್ಟಿಯಾಗಿ ಮೂಳೆಯೊಡನೆ ಬೆಸೆದುಕೊಳ್ಳುತ್ತದೆ. ಪೂರ್ತಿ ಬೆಸೆದಿದ್ದರೆ ಹುಡುಗ ಹದಿನೇಳನ್ನು ದಾಟಿರುವ ಸಂಭವವೇ ಹೆಚ್ಚು. ಮೂಳೆಗೆ ಸುಳ್ಳು ಬರುವುದಿಲ್ಲ. ಆದರೆ ಈ ಪರೀಕ್ಷೆ ಹೆಚ್ಚು ವಯಸ್ಸಿನವನನ್ನು ಹೊರಗಿಡಬಲ್ಲುದೇ ಹೊರತು, ಕಾಗದದಲ್ಲಿ ತಪ್ಪಾಗಿ ದೊಡ್ಡವನಾದ ಬಡ ಹುಡುಗನನ್ನು ಒಳಗೆ ಕರೆತರಲಾರದು. ಅವನು ಆ ಯಂತ್ರದವರೆಗೆ ಹೋಗುವುದೇ ಇಲ್ಲ. ಮೊದಲ ಮೇಜಿನಿಂದಲೇ ಹಿಂದಿರುಗುತ್ತಾನೆ.

ಆದುದರಿಂದ ಕುಂಕಳ್ಳಿಯ ಕನ್ನಡ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮಗು ಎಲ್ಲಿ ಹುಟ್ಟಿತೋ ಅಲ್ಲಿಯೇ ಜನನ ನೋಂದಣಿಯಾಗಬೇಕು. ಮಡಗಾಂವಿನ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ದಾಖಲೆ ಇಲ್ಲಿ, ತವರಿಗೆ ಹೋಗಿ ಹೆತ್ತರೆ ಆ ಊರಿನಲ್ಲಿ. 1969ರ ಕಾಯಿದೆಯಂತೆ 21 ದಿನಗಳೊಳಗೆ ತಿಳಿಸಿದರೆ ಯಾವ ದಂಡವೂ ಇಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇಲೆ, ಆ ದಿನದಿಂದ ಹುಟ್ಟುವ ಮಕ್ಕಳಿಗೆ ಶಾಲೆಯ ಪ್ರವೇಶಕ್ಕಾಗಲಿ, ಮುಂದೆ ಸರಕಾರಿ ನೌಕರಿಗಾಗಲಿ ಹುಟ್ಟಿದ ದಿನಕ್ಕೆ ಆ ಪತ್ರವೇ ಆಧಾರ. ಊರಿನ ಶಾಲೆಯಲ್ಲಿ ಒಂದು ತಾರೀಖು, ಇಲ್ಲಿನ ಶಾಲೆಯಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು ಎಂದಾದರೆ ಮಗುವಿಗೆ ಮೂರು ವಯಸ್ಸುಗಳಾಗುತ್ತವೆ. ಆಡುವ ದಿನ ಮೂರೂ ಅದಕ್ಕೆ ಶತ್ರುಗಳಾಗುತ್ತವೆ. ನಮ್ಮ ಸಂಘ ವರ್ಷಕ್ಕೊಂದು ಭಾನುವಾರ ಈ ಕಾಗದಪತ್ರಗಳ ತಿದ್ದುಪಡಿಗೆ ನೆರವಾಗುವ ಶಿಬಿರ ನಡೆಸಿದರೆ ಅದೂ ಕನ್ನಡದ ಸೇವೆಯೇ. ಅರ್ಜಿ ತುಂಬಿಕೊಡಲು ನನ್ನಂಥ ನಿವೃತ್ತರು ಇದ್ದೇವೆ.

ಇನ್ನೊಂದು ಮಾತು. ಹುಡುಗಿಯರನ್ನೂ ಬಯಲಿಗೆ ಬಿಡಿ. ಕೊಂಕಣಿ ಮಾತನಾಡುವ ನೆರೆಯ ಮಕ್ಕಳೊಡನೆ ಆಡಿದರೆ ಕನ್ನಡ ಮರೆತೀತೆಂಬ ಅಂಜಿಕೆ ಬೇಡ. ಚೆಂಡಿನ ಹಿಂದೆ ಓಡುವಾಗ ಅವರು ಎರಡೂ ಭಾಷೆಗಳಲ್ಲಿ ಕೂಗುವುದನ್ನು ನಾನು ದಿನವೂ ಕೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ನಮ್ಮ ನೆರೆಯ ಹೆಣ್ಣುಮಗಳೊಬ್ಬಳು, ಕೊಪ್ಪಳದ ಕಡೆಯವಳು, ತನ್ನ ಒಂಬತ್ತು ವರ್ಷದ ಮಗನ ಜನನ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನನ್ನ ಬಳಿ ತಂದಿದ್ದಳು. ಮಗ ಅಕಾಡೆಮಿಯೊಂದರ ಆಯ್ಕೆಗೆ ಹೋಗಬೇಕಾಗಿತ್ತು. “ಎಲ್ಲಾ ಸರಿ ಐತೇನ್ರಿ ಸರ್ರ, ಒಂಚೂರು ನೋಡ್ರಿ” ಎಂದಳು. ಕನ್ನಡಕ ಹಾಕಿಕೊಂಡು ಓದಿದೆ. ಹೆಸರು ಸರಿಯಿತ್ತು. ತಂದೆಯ ಹೆಸರು ಸರಿಯಿತ್ತು. ಹುಟ್ಟಿದ ದಿನ ಸೆಪ್ಟೆಂಬರ್ 14 ಎಂದಿತ್ತು. ಎರಡನೆಯ ಸಲ ಓದಿದೆ. “ಸರಿ ಐತವ್ವಾ, ಕಳಿಸು” ಎಂದೆ.